ನೀರಿಗೆ ಸದ್ದಿರಲಿಲ್ಲ

"ನೀರಿಗೆ ಸದ್ದೇ ಇರ್ಲಿಲ್ಲ ಮಗಾ. ಬೆಳಿಗ್ಗೆ ಎದ್ದು ಹೊರಗೆ ಬಂದ್ರೆ ಗದ್ದೆ ಬದುವಿನ ಕಲ್ಲು ಕಾಣ್ತಾ ಇರ್ಲಿಲ್ಲ. ಮಾರನೇ ದಿನ ಬದುನೂ ಇಲ್ಲ."

3 ಗಂಟೆ 10 ನಿಮಿಷದ ಧ್ವನಿಮುದ್ರಣದ ನಡುವೆ ಒಂದು ಕಡೆ ದೊಡ್ಡಮ್ಮ ಇದನ್ನು ಹೇಳುತ್ತಾಳೆ. ಹೇಳಿ 11 ಸೆಕೆಂಡ್ ಸುಮ್ಮನಿರುತ್ತಾಳೆ. ಆ ಹೊತ್ತಿನಲ್ಲಿ ಒಳಗೆ ಯಾರೋ ತಟ್ಟೆ ಇಟ್ಟ ಸದ್ದು, ದೂರದಲ್ಲೊಂದು ಕುಟ್ರುಹಕ್ಕಿ, ಮತ್ತೆ ಅವಳದೇ ಉಸಿರು. ಆಮೇಲೆ, "ಕಾಫಿ ಕುಡೀತ್ಯಾ?" ಎಂದು ಕೇಳುತ್ತಾಳೆ.

ದೊಡ್ಡಮ್ಮನ ಮನೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ಸಾಗರ ತಾಲ್ಲೂಕಿನ ತುಮರಿ ಕಡೆ. ಈಗಿರುವುದು ಎರಡನೇ ಮನೆ. ಮೊದಲನೆಯದು ನೀರಿನಡಿಯಲ್ಲಿದೆ. ಅದನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವಳು ಮದುವೆಯಾಗಿ ಆ ಮನೆಗೆ ಬಂದದ್ದು ಅದರ ಹಿಂದಿನ ವರ್ಷ, 18ರ ವಯಸ್ಸಿನಲ್ಲಿ. ಹಾಗಾಗಿ ಅತ್ತೆಮನೆಯ ಜಗಲಿ, ಒಲೆ, ಬಾವಿಗಳು ರೂಢಿಯಾಗುವ ಹೊತ್ತಿಗೆ ಅವನ್ನೆಲ್ಲ ಬಿಟ್ಟು ಗುಡ್ಡ ಹತ್ತಬೇಕಾಯಿತು. ಆ ಒಂದು ವರ್ಷದ ಕಥೆಯನ್ನು ಅವಳ ದನಿಯಲ್ಲೇ, ಹಿಂದೆ ಒಂದಿಷ್ಟು ಸಂಗೀತವಿಟ್ಟು, ಮನೆಮಂದಿ ಕೂತು ಕೇಳುವಂಥ ಒಂದು ಧ್ವನಿಕಥೆಯಾಗಿ ಮಾಡಬೇಕೆಂದು ನನಗೆ ಬಹಳ ದಿನಗಳಿಂದ ಇತ್ತು. 2024ರ ಬೇಸಿಗೆಯಲ್ಲಿ ಫೋನ್ ಹಿಡಿದು ಹೊರಟೆ. ವಾರದಲ್ಲಿ ಮುಗಿಯುವ ಕೆಲಸ ಅಂದುಕೊಂಡಿದ್ದೆ. ಒಂದು ವರ್ಷದ ಮೇಲಾಯಿತು.

ತಪ್ಪಾದದ್ದು ಸಂಗೀತದಲ್ಲಿ. ಅದನ್ನು ಮೊದಲು ಹೇಳುತ್ತೇನೆ.

ಮೊದಲ ಪ್ರತಿಯಲ್ಲಿ ನಾನು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಮುಳುಗಡೆಯ ಕಥೆ ಅಂದ ಮೇಲೆ ನೀರು ಬೇಕು ಎಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಭೋರ್ಗರೆವ ನೀರಿನ ಸದ್ದೊಂದನ್ನು ಇಳಿಸಿಕೊಂಡೆ. ದುಃಖದ ಕಥೆ ಅಂದ ಮೇಲೆ ಕೊಳಲು. ಮೊದಲಿನಿಂದ ಕೊನೆಯವರೆಗೆ ಎಲ್ಲೂ ಬಿಡದೆ ಹರಿಯುವ, ಮೆಲ್ಲಗಿನ, ಅಳುವ ಕೊಳಲು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ನನಗೇ ಕಣ್ಣು ತುಂಬಿತು. ದೊಡ್ಡಮ್ಮನಿಗೆ ಕೇಳಿಸಿದೆ. ಅವಳು ತಲೆ ಓರೆ ಮಾಡಿ, ಕಿವಿಯ ಹಿಂದೆ ಕೈಯಿಟ್ಟು ಪೂರ್ತಿ ಕೇಳಿದಳು.

"ಇದು ಯಾರ ಮನೆ ನೀರು?" ಅಂದಳು.

"ನಿನ್ನ ಕಥೆಯದ್ದೇ ದೊಡ್ಡಮ್ಮ. ಮುಳುಗಡೆ ನೀರು."

"ಇದು ಹೊಳೆ ಸದ್ದು ಮಾರಾಯ್ತಿ. ನಮ್ಮಲ್ಲಿಗೆ ಬಂದ ನೀರಿಗೆ ಸದ್ದಿರ್ಲಿಲ್ಲ ಅಂತ ನಾನೇ ಹೇಳಿದ್ನಲ್ಲ. ನೀ ಕೇಳ್ಸ್ಕೊಳ್ಲಿಲ್ವಾ?"

ಮೂರು ಗಂಟೆ ಎದುರು ಕೂತು, ಆಮೇಲೆ ಹತ್ತಾರು ಸಲ ತಿರುಗಿಸಿ ಕೇಳಿ, ಮಾತಿನ ಒಂದೊಂದು ಉಸಿರನ್ನೂ ಪರದೆಯ ಮೇಲೆ ಗೆರೆಯಾಗಿ ನೋಡಿಯೂ ನಾನು ಕೇಳಿಸಿಕೊಂಡಿರಲಿಲ್ಲ. ಅಣೆಕಟ್ಟಿನ ಹಿಂದೆ ಏರುವ ನೀರು ಹರಿಯುವುದಿಲ್ಲ, ನಿಲ್ಲುತ್ತದೆ. ಹೊಳೆಯ ಸದ್ದು ಕೇಳುತ್ತ ಬದುಕಿದ್ದವರ ಕಿವಿಗೆ ಹೊಳೆ ಇದ್ದಕ್ಕಿದ್ದಂತೆ ಮೂಕವಾದದ್ದೇ ಮುಳುಗಡೆಯ ಮೊದಲ ಗುರುತು. ನಾನು ಆ ಮೌನದ ಮೇಲೆ ಬೇರೆ ಯಾವುದೋ ದೇಶದ ಜಲಪಾತವನ್ನು ಸುರಿದಿದ್ದೆ.

ಇನ್ನೊಂದು ಮಾತನ್ನೂ ಅವಳು ಹೇಳಿದಳು: "ಕೊಳಲು ಚಂದ ಇದೆ. ಆದ್ರೆ ನಾ ಎಂತ ಹೇಳ್ತಿದೀನಿ ಅಂತ ನಂಗೇ ಗೊತ್ತಾಗ್ಲಿಲ್ಲ." ಆಗ ಅದನ್ನು ಅವಳ ಕಿವಿಮಂದದ ಲೆಕ್ಕಕ್ಕೆ ಹಾಕಿದೆ. ಲೆಕ್ಕ ತಪ್ಪು ಎಂದು ಗೊತ್ತಾದದ್ದು ಆಮೇಲೆ.

ಮನೆಯವರ ಮಾತನ್ನು ಅವರ ದನಿಯಲ್ಲೇ ಹಿಡಿದಿಡಬೇಕೆಂಬ ಆಸೆ ಧ್ವನಿಮುದ್ರಣದಷ್ಟೇ ಹಳೆಯದು. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಮರುವರ್ಷವೇ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ ಆತ ಈ ಯಂತ್ರದಿಂದ ಏನೇನು ಮಾಡಬಹುದು ಎಂದು ಪಟ್ಟಿ ಕೊಟ್ಟ. ಪತ್ರ ಬರೆಸುವುದು, ಕುರುಡರಿಗೆ ಪುಸ್ತಕ ಓದಿಸುವುದು, ಸಂಗೀತ ಇವುಗಳ ಜೊತೆಗೆ ಕುಟುಂಬದವರ ನೆನಪುಗಳನ್ನೂ ಸಾಯುವವರ ಕೊನೆಯ ಮಾತುಗಳನ್ನೂ ಅವರದೇ ದನಿಯಲ್ಲಿ ಉಳಿಸಿಕೊಳ್ಳುವ ಮಾತು ಅದರಲ್ಲಿದೆ. ನಮ್ಮ ಜೇಬಿನಲ್ಲಿ ಆ ಯಂತ್ರ ಬಂದು ಕೂತು ಎಷ್ಟೋ ವರ್ಷವಾಯಿತು. ಅದರಲ್ಲಿ ನಾವು ತುಂಬಿದ್ದರಲ್ಲಿ ಅಜ್ಜಿಯರ ಮಾತು ಎಷ್ಟಿದೆ?

ಅಮೆರಿಕದಲ್ಲಿ ಡೇವಿಡ್ ಐಸೇ ಎಂಬ ರೇಡಿಯೊ ನಿರ್ಮಾಪಕರು 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಪುಟ್ಟ ಗೂಡು ಇಟ್ಟರು. ಒಳಗೆ ಇಬ್ಬರು ಎದುರುಬದುರು ಕೂರಬೇಕು. ಮಗಳು ಅಪ್ಪನನ್ನೋ, ಮೊಮ್ಮಗ ಅಜ್ಜಿಯನ್ನೋ 40 ನಿಮಿಷ ಮಾತಾಡಿಸಬೇಕು. 'ಸ್ಟೋರಿಕೋರ್' ಎಂಬ ಆ ಯೋಜನೆಯ ಧ್ವನಿಗಳು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋಗುತ್ತವೆ. ಅಧ್ಯಕ್ಷರ, ಸಿನಿಮಾ ನಟರ ಮಾತಿನಷ್ಟೇ ಜೋಪಾನವಾಗಿ ಬಸ್ ಡ್ರೈವರನ ಮಾತನ್ನೂ ಇಡುವ ಜಾಗ ಅದು. ನಮ್ಮಲ್ಲಿ ಅಂಥ ಗೂಡಿಲ್ಲ, ಜಗಲಿಯಿದೆ.

ಮುದ್ರಣ ಶುರುಮಾಡುವಾಗ ನಾನು ದೊಡ್ಡಮ್ಮನಿಗೆ ಹೆಸರು ಹೇಳು ಅಂದಿದ್ದೆ. ಇದರ ಹಿಂದೆ ಗೌಹರ್ ಜಾನ್ ಇದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಆ ಗಾಯಕಿ ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದ್ದು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲಿ ಎಂದು ಹಾಗೆ ಹೇಳುತ್ತಿದ್ದರು. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆದರೆ ತನ್ನ ಹೆಸರು ತಾನು ಹೇಳಿದ ಆ ದನಿ ಇವತ್ತೂ ಕೇಳುತ್ತದೆ.

ದೊಡ್ಡಮ್ಮ ಹೆಸರು ಹೇಳಲು ನಾಚಿಕೊಂಡಳು. ಗಂಡನ ಹೆಸರು ಹೇಳದ ಕಾಲದವಳು, ತನ್ನದನ್ನೂ ಯಾರಿಗೂ ಹೇಳಿಕೊಂಡವಳಲ್ಲ. ಎರಡನೇ ಸಲ ಕೇಳಿದಾಗ ಹೆಸರಿನ ಹಿಂದೆ ಊರಿನ ಹೆಸರನ್ನೂ ಸೇರಿಸಿದಳು. ಈಗಿರುವ ಊರಲ್ಲ. ಮುಳುಗಿದ ಊರು. ಒಂದೇ ವರ್ಷ ಬಾಳಿದ ಊರನ್ನು ಅರವತ್ತು ವರ್ಷವಾದರೂ ಹೆಸರಿಗೆ ಕಟ್ಟಿಕೊಂಡಿದ್ದಾಳೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೊಳಲಿನ ವಿಚಾರಕ್ಕೆ ಬರುತ್ತೇನೆ. ಎಡಿಟಿಂಗಿಗೆ ನಾನು ಬಳಸಿದ್ದು 'ಅಡಾಸಿಟಿ' ಎಂಬ ತಂತ್ರಾಂಶ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಇಬ್ಬರು ಶುರುಮಾಡಿ ಮರುವರ್ಷ ಎಲ್ಲರಿಗೂ ಪುಕ್ಕಟೆ ಕೊಟ್ಟದ್ದು. ಇಂದಿಗೂ ಪುಕ್ಕಟೆ. ಅದರಲ್ಲಿ ಮಾತಿಗೊಂದು ಪಟ್ಟಿ, ಸಂಗೀತಕ್ಕೊಂದು ಪಟ್ಟಿ, ಸದ್ದುಗಳಿಗೊಂದು ಪಟ್ಟಿ, ಒಂದರ ಕೆಳಗೊಂದು ಹಾಸಿಕೊಂಡು ಹೋಗಬಹುದು. ಪ್ರತಿಯೊಂದರ ಏರಿಳಿತ ಬೇರೆ ಬೇರೆ. ಕಲಿಯಲು ಎರಡು ಸಂಜೆ ಸಾಕು. ಅಲ್ಲಿ ಗೆರೆಗಳನ್ನು ನೋಡುತ್ತ ನೋಡುತ್ತ ದೊಡ್ಡಮ್ಮ ಹೇಳಿದ್ದು ಅರ್ಥವಾಯಿತು.

ಮನುಷ್ಯನ ಕಿವಿ 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಕೇಳಬಲ್ಲದು ಎನ್ನುತ್ತಾರೆ. ಆದರೆ ಮಾತು ತಿಳಿಯುವುದು ಹೆಚ್ಚಾಗಿ 1,000ದಿಂದ 4,000 ಹರ್ಟ್ಸಿನ ಆಸುಪಾಸಿನಲ್ಲಿ. ಸ್ವರಗಳ ಬಲ ಕೆಳಗೆ. ಸ, ಶ, ತ, ಕ, ಪಗಳ ಗುರುತು ಮೇಲೆ. 'ಮನೆ'ಯನ್ನು 'ಮರೆ'ಯಿಂದ, 'ಕಟ್ಟೆ'ಯನ್ನು 'ತಟ್ಟೆ'ಯಿಂದ ಬೇರೆ ಮಾಡುವುದು ವ್ಯಂಜನದ ಆ ಚೂರು ಸದ್ದು. ಕೊಳಲಿನ ಸ್ವರ, ಅದರ ಮೇಲಿನ ಉಸಿರಿನ ಸುಯ್ಲು ಇವೆರಡೂ ಹೆಣ್ಣುದನಿಯ ಜಾಗದಲ್ಲೇ ಬಂದು ಕೂರುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸದ್ದುಗಳನ್ನು. 79 ವರ್ಷದವಳ ಕಿವಿಗೆ ಹೇಗೂ ತೆಳುವಾಗಿದ್ದ ಆ ವ್ಯಂಜನಗಳ ಮೇಲೆ ನಾನು ಕೊಳಲು ಹಾಸಿ ಪೂರ್ತಿ ಮುಚ್ಚಿಬಿಟ್ಟಿದ್ದೆ. ಟಿ.ವಿ. ಸಾಕ್ಷ್ಯಚಿತ್ರ ನೋಡುವಾಗ ಅಜ್ಜ ಅಜ್ಜಿಯರು "ಏನಂತೆ? ಏನಂತೆ?" ಎಂದು ಕೇಳುತ್ತಾರಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಹಿನ್ನೆಲೆ ಸಂಗೀತವೇ. ಕೇಳುಗರಲ್ಲಿ ಹಿರಿಯರಿದ್ದಾರೆ ಎಂಬುದನ್ನು ಅದನ್ನು ಮಾಡುವ ನಾವು ನೆನಪಿಡಬೇಕು.

ಮಾತಿನ ಅಡಿಯಲ್ಲಿ ಸಂಗೀತ ಇಡಲೇಬೇಕೆಂದಿದ್ದರೆ ಅದು ಮಾತಿಗಿಂತ 18–20 ಡೆಸಿಬೆಲ್‌ನಷ್ಟಾದರೂ ಕೆಳಗಿರಲಿ ಎಂಬುದು ಈ ಕೆಲಸದವರ ರೂಢಿ. ಮಾತು ಬಂದಾಗ ಸಂಗೀತ ತಾನಾಗಿ ತಗ್ಗುವಂತೆ ಮಾಡುವ ಸವಲತ್ತೂ ತಂತ್ರಾಂಶದಲ್ಲಿದೆ. ಅದನ್ನೂ ಮಾಡಿ ನೋಡಿದೆ. ಮಾತು ತಿಳಿಯಿತು. ಕಥೆ ಮಾತ್ರ ಯಾಕೋ ಇನ್ನೂ ಬೇರೆ ಯಾರದೋ ಆಗಿಯೇ ಇತ್ತು.

ದಾರಿ ತೋರಿಸಿದವರು ಭಾವ. ದೊಡ್ಡಮ್ಮನ ಅಳಿಯ, ಪಕ್ಕದೂರಿನವರು. ಅಡಿಕೆ ಕೆಲಸ ಮುಗಿದ ಮೇಲೆ ತಾಳಮದ್ದಳೆ ಕೂಟಗಳಿಗೆ ಮದ್ದಳೆ ಬಾರಿಸಲು ಹೋಗುತ್ತಾರೆ. ನನ್ನ ಗೋಳು ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಅರ್ಥ ಹೇಳೋವಾಗ ನಾವು ಮದ್ದಳೆ ಮುಟ್ತೀವಾ?"

ಮುಟ್ಟುವುದಿಲ್ಲ. ತಾಳಮದ್ದಳೆ ಬಲ್ಲವರಿಗೆ ಗೊತ್ತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಪಂಚೆಯುಟ್ಟು ಶಾಲು ಹೊದ್ದ ನಾಲ್ಕು ಜನ ಕೂತು ಮಾತಿನಲ್ಲೇ ಕುರುಕ್ಷೇತ್ರ ಕಟ್ಟುತ್ತಾರೆ. ಭಾಗವತರು ಪದ ಹಾಡುವಾಗ ಮದ್ದಳೆ, ಚೆಂಡೆ, ತಾಳ ಎಲ್ಲ ಇರುತ್ತದೆ. ಪಾತ್ರದ ಮಾತಾಡುವ ಅರ್ಥಧಾರಿ ಬಾಯಿ ತೆರೆದೊಡನೆ ಅವೆಲ್ಲ ಸುಮ್ಮನಾಗುತ್ತವೆ. ಪದ ಕೇಳುಗನ ಮನಸ್ಸನ್ನು ಒಂದು ಹದಕ್ಕೆ ತಂದು ಬಿಡುತ್ತದೆ, ಆಮೇಲಿನದು ಮಾತಿನ ಪಾಲು. ಧ್ವನಿನಾಟಕ ಎಂದರೆ ನಾವು ರೇಡಿಯೊದಿಂದ ಲೆಕ್ಕ ಹಾಕುತ್ತೇವೆ. ಬಿಬಿಸಿಗೆಂದೇ ಬರೆದ ಮೊದಲ ರೇಡಿಯೊ ನಾಟಕ, ರಿಚರ್ಡ್ ಹ್ಯೂಸ್ ಅವರದು, 1924ರ ಜನವರಿಯಲ್ಲಿ ಪ್ರಸಾರವಾಯಿತು. ಕಲ್ಲಿದ್ದಲ ಗಣಿಯಲ್ಲಿ ದೀಪ ಆರಿ ಕತ್ತಲಲ್ಲಿ ಸಿಕ್ಕಿಬಿದ್ದವರ ಕಥೆ ಅದು, ಕೇಳುಗನಂತೆ ಪಾತ್ರಗಳಿಗೂ ಏನೂ ಕಾಣುವುದಿಲ್ಲ. ಒಳ್ಳೆಯ ಉಪಾಯ. ಆದರೆ ಕಿವಿಗಾಗಿಯೇ ಕಥೆ ಕಟ್ಟುವ ಹದ ಕನ್ನಡ ನಾಡಿಗೆ ರೇಡಿಯೊ ಕಲಿಸಿಕೊಟ್ಟದ್ದಲ್ಲ.

ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಓದು ನಿಂತ ಮೇಲೆ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆ ಒಮ್ಮೆ ಸುದ್ದಿಯಾಯಿತು. ಅಲ್ಲೂ ರಾಗ ಮಾತಿನ ಮೇಲೆ ಏರಿ ಕೂರುವುದಿಲ್ಲ. ಚಾಮರಾಜನಗರ, ಮಂಡ್ಯದ ಕಡೆಯ ನೀಲಗಾರರದು ಬೇರೆ ಬಗೆ. ಮಂಟೇಸ್ವಾಮಿಯ ಕಥೆ ಹಾಡುವಾಗ ತಂಬೂರಿ ಬಿಡದೆ ಮಿಡಿಯುತ್ತಿರುತ್ತದೆ. ಆದರೆ ಆ ತಂಬೂರಿ ಇಲ್ಲಿ ಅಳು, ಇಲ್ಲಿ ನಗು ಎಂದು ಯಾರಿಗೂ ಹೇಳುವುದಿಲ್ಲ. ಕಥೆಯ ಕಾಲ್ನಡಿಗೆಗೆ ಜೊತೆ ಕೊಡುತ್ತದೆ, ಅಷ್ಟೆ. ನನ್ನ ಕೊಳಲು ಮಾಡಿದ ತಪ್ಪು ಇಲ್ಲಿತ್ತು. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಅದು ಕೇಳುವವರಿಗೆ ಅಳಲು ಹೇಳುತ್ತಿತ್ತು. ಅವಳಾದರೋ ಮೂರು ಗಂಟೆಯಲ್ಲಿ ಒಮ್ಮೆಯೂ ಅತ್ತಿರಲಿಲ್ಲ.

ಹಾಗಾಗಿ ಕೊಳಲನ್ನು ತೆಗೆದೆ. ಜಲಪಾತ ಅದಕ್ಕೂ ಮೊದಲೇ ಹೋಗಿತ್ತು. ಬರೀ ಮಾತು ಉಳಿಯಿತು, ಮಾತಿನ ಹಿಂದೆ ಆ ಮನೆ ಉಳಿಯಿತು.

ಮನೆಯ ಸದ್ದಿನ ಬಗ್ಗೆ ಎರಡು ಮಾತು, ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ. ಮೈಕಿಗಾಗಿ ದುಡ್ಡು ಸುರಿಯುವ ಮೊದಲು ಕೂರುವ ಜಾಗ ನೋಡಿ. ಒಂದು ಚಪ್ಪಾಳೆ ತಟ್ಟಿ. ಸದ್ದು ಗೋಡೆಗೆ ಬಡಿದು ಗುಂಯ್ ಎಂದು ತಿರುಗಿ ಬಂದರೆ ಆ ಕೋಣೆ ಬೇಡ. ಬಟ್ಟೆ, ಹಾಸಿಗೆ, ಅಕ್ಕಿಮೂಟೆ ಇರುವ ಕೋಣೆ ಒಳ್ಳೆಯದು. ಫೋನನ್ನು ಬಾಯಿಗೆ ನೇರ ಹಿಡಿಯದೆ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿಟ್ಟರೆ 'ಪ', 'ಬ'ಗಳ ಗಾಳಿ ಹೊಡೆತ ತಪ್ಪುತ್ತದೆ. ಫೋನಿನ ಕೆಳಗೆ ಮಡಿಸಿದ ಟವೆಲ್. ಫ್ಯಾನು, ಫ್ರಿಜ್ಜು ಬಂದ್. ಮಳೆಗಾಲದಲ್ಲಿ ಮಲೆನಾಡಿನ ಹಂಚಿನ ಮನೆಯಲ್ಲಿ ಇದ್ಯಾವುದೂ ಸಾಗದು. ಮಾತು ಮುಗಿದ ಮೇಲೆ ಯಾರೂ ಅಲುಗಾಡದೆ ಒಂದು ನಿಮಿಷ ಸುಮ್ಮನೆ ಕೂತು ಆ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ. ಪ್ರತಿ ಕೋಣೆಯ ಮೌನವೂ ಬೇರೆ. ಮಾತನ್ನು ಕತ್ತರಿಸಿ ಜೋಡಿಸಿದ ಕಡೆ ಬೀಳುವ ಗುಂಡಿಯನ್ನು ತುಂಬುವುದು ಆ ಮೌನವೇ. ಅದಿಲ್ಲದಿದ್ದರೆ ಪ್ರತಿ ಜೋಡಣೆಯಲ್ಲೂ ಕಥೆ ಎಡವುತ್ತದೆ.

ಕತ್ತರಿಸುವಾಗ ನಾನು ಎರಡನೇ ತಪ್ಪು ಮಾಡಿದೆ. ದೊಡ್ಡಮ್ಮನ ಮಾತಿನ ನಡುವಿನ ಬಿಡುವುಗಳನ್ನೆಲ್ಲ ಕಿತ್ತು ಹಾಕಿದೆ. ಕೆಮ್ಮು, "ಎಂತದದು" ಎಂದು ಪದ ಹುಡುಕುವುದು, ಆ 11 ಸೆಕೆಂಡ್, ಕಾಫಿಯ ಪ್ರಶ್ನೆ ಎಲ್ಲ ಹೋದವು. ಕೇಳಿದರೆ ವಾರ್ತೆ ಓದಿದಂತಿತ್ತು. ಅವಳು ಹಾಗೆ ಮಾತಾಡುವವಳೇ ಅಲ್ಲ. ಒಂದೊಂದಾಗಿ ಎಲ್ಲವನ್ನೂ ಹಿಂದಕ್ಕೆ ತಂದೆ. ಸದ್ದಿಲ್ಲದೆ ಬಂದ ನೀರಿನ ಕಥೆಯಲ್ಲಿ ಸದ್ದಿಲ್ಲದ ಜಾಗಗಳು ಇರಲೇಬೇಕು.

ಒಂದು ಭಾಗವನ್ನು ಮಾತ್ರ ಅವಳೇ ತೆಗೆಸಿದಳು. ಪರಿಹಾರದ ಹಣ ಬಂದಾಗ ಅಣ್ಣತಮ್ಮಂದಿರ ನಡುವೆ ಆದ ಮಾತು. "ಅವರ್ಯಾರೂ ಈಗಿಲ್ಲ. ಉತ್ತರ ಕೊಡೋಕೆ ಆಗದವರ ಮೇಲೆ ನಾ ಮಾತಾಡೋದು ತಪ್ಪು" ಎಂದಳು. ಕಥೆಯಲ್ಲಿ ಅದಕ್ಕಿಂತ ಬಿಸಿಯಾದ ಭಾಗ ಇನ್ನೊಂದಿರಲಿಲ್ಲ. ಆದರೂ ಅಳಿಸಿದೆ, ಮೂಲ ಪ್ರತಿಯಿಂದಲೂ ಅಳಿಸಿದೆ. ದನಿ ಅವಳದು.

ಇನ್ನು ಹಾಡಿನ ವಿಷಯ. ಗುಡ್ಡದ ಮೇಲಿನ ಹೊಸ ಊರಿಗೆ ಬಹಳ ವರ್ಷ ಕರೆಂಟಿರಲಿಲ್ಲ. ಯಾವ ನೀರಿನಿಂದ ಕರೆಂಟು ತಯಾರಾಗಲಿ ಎಂದು ಮನೆ ಬಿಟ್ಟರೋ ಆ ನೀರಿನ ದಡದಲ್ಲೇ ಅವರು ಚಿಮಣಿ ದೀಪದಲ್ಲಿ ಕೂತು, ಬ್ಯಾಟರಿಯ ಟ್ರಾನ್ಸಿಸ್ಟರಿನಲ್ಲಿ ಭದ್ರಾವತಿ ಆಕಾಶವಾಣಿ ಕೇಳಿದವರು. ಬೆಳಗಿನ ಆ ಸಂಕೇತ ಸಂಗೀತ ಬಂದರೆ ದೊಡ್ಡಮ್ಮ ಹಾಲು ಕರೆಯಲು ಏಳುತ್ತಿದ್ದಳು. ಆ ಸಂಗೀತವನ್ನು ಮಾಡಿದ್ದು ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕಾಫ್‌ಮನ್ ಎಂದು ಅವಳಿಗೆ ಹೇಳಿದೆ. "ಅವ್ರೂ ಮನೆ ಬಿಟ್ಟು ಬಂದವ್ರಾ" ಅಂದಳು. 'ಆಕಾಶವಾಣಿ' ಎಂಬ ಹೆಸರಿನಲ್ಲಿ ಮೊದಲು ಬಾನುಲಿ ಕೇಂದ್ರ ನಡೆಸಿದ್ದು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ, ತಮ್ಮ ಮನೆಯಿಂದಲೇ ಎಂಬುದನ್ನೂ ಹೇಳಿದೆ. ಅದಕ್ಕೆ ಅವಳು ಅಷ್ಟು ಕಿವಿಗೊಡಲಿಲ್ಲ.

ಆ ಟ್ರಾನ್ಸಿಸ್ಟರಿನಲ್ಲಿ ಕೇಳಿದ ಸಿನಿಮಾ ಹಾಡೊಂದನ್ನು ಕಥೆಯಲ್ಲಿ ಹಾಕೋಣವೇ ಎಂದು ಯೋಚಿಸಿ ಬಿಟ್ಟೆ. ನಮ್ಮ ದೇಶದ ಕಾನೂನಿನಲ್ಲಿ ಒಂದು ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ. ಹಾಡಿನ ಸಾಹಿತ್ಯ, ರಾಗಸಂಯೋಜನೆಗಳ ಹಕ್ಕು ಅದನ್ನು ಬರೆದವರು ತೀರಿಕೊಂಡ ಮೇಲೂ 60 ವರ್ಷ. ಎರಡೂ ಬೇರೆ ಬೇರೆ. ತಟ್ಟೆ ಹಳೆಯದಾಯಿತೆಂದು ಹಾಡು ಎಲ್ಲರದಾಗುವುದಿಲ್ಲ. ಮನೆಯೊಳಗೆ ಕೇಳಲು ಯಾರೂ ಬಂದು ತಡೆಯಲಾರರು. ಆದರೆ ಇಂಥ ಕಥೆ ಮನೆಯೊಳಗೇ ಉಳಿಯುವುದಿಲ್ಲ. ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ದಾಟುತ್ತಲೇ ಹೋಗುತ್ತದೆ. ಬೇರೆಯವರ ದುಡಿಮೆಯನ್ನು ಕೇಳದೆ ತೆಗೆದುಕೊಂಡು ನಮ್ಮ ದುಃಖಕ್ಕೆ ಹಾಸುವುದು ಸರಿ ಕಾಣಲಿಲ್ಲ. ಬಳಸಲು ಅನುಮತಿ ಕೊಟ್ಟೇ ಇಟ್ಟಿರುವ ಸಂಗೀತ ಅಂತರ್ಜಾಲದಲ್ಲಿ ಬೇಕಾದಷ್ಟಿದೆ, ನಿಜ. ಅದರಲ್ಲಿ ತುಮರಿಯ ಗುಡ್ಡದ್ದು ಯಾವುದೂ ಇಲ್ಲ.

ಆ ಗುಡ್ಡದ ಸದ್ದು ನನ್ನ ಫೋನಿನಲ್ಲೇ ಇತ್ತು, ನನಗೇ ತಿಳಿಯದೆ. ಮೊದಲ ದಿನ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದಾಗ ಫೋನ್ ಕೆಲಸ ಮಾಡುತ್ತದೋ ಎಂದು ನೋಡಲು ರೆಕಾರ್ಡರ್ ಒತ್ತಿದ್ದೆ. ಒಂದೂವರೆ ನಿಮಿಷ: ಡೀಸೆಲ್ ಎಂಜಿನ್ನಿನ ಗುಡುಗುಡು, ಜೀಪು ಹತ್ತುವಾಗ ತಗಡಿನ ಹಲಗೆ ಬಡಿದ ಸದ್ದು, ಸಿಗಂದೂರು ದೇವಸ್ಥಾನಕ್ಕೆ ಹೊರಟ ಮಕ್ಕಳ ಗಲಾಟೆ. ಆಗ ಇದಕ್ಕೆ ಬೆಲೆ ಗೊತ್ತಿರಲಿಲ್ಲ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು ದಡದಲ್ಲಿ ಲಾಂಚಿಗೆ ಕಾಯುತ್ತ ಕೂತ ದಿನಗಳನ್ನು ನೋಡಿದ ಆ ಜನಕ್ಕೆ ಸೇತುವೆ ಎಷ್ಟು ದೊಡ್ಡದೆಂದು ನಾನು ಹೇಳಬೇಕಿಲ್ಲ. ದೊಡ್ಡಮ್ಮ ಕಾರಿನಲ್ಲಿ ಒಮ್ಮೆ ದಾಟಿ ಬಂದು ಕೈಮುಗಿದಳು. ಲಾಂಚಿನ ಸದ್ದು ಕಥೆಯ ಮೊದಲ 20 ಸೆಕೆಂಡಿಗೆ ಬಂತು.

ಇನ್ನೊಂದು ಸದ್ದು ಅವಳೇ ಕೊಟ್ಟದ್ದು. "ಆ ಮನೇಲಿ ಬೆಳಿಗ್ಗೆ ಎದ್ದಕೂಡ್ಲೆ ಎಂತ ಕೇಳ್ತಿತ್ತು?" ಎಂದು ನಾನು ಯಾಕೋ ಕೇಳಿದೆ. ಹಿಂದಿನ ಮೂರು ಗಂಟೆಯಲ್ಲಿ ಏನಾಯಿತು, ಯಾರಿದ್ದರು, ಎಷ್ಟು ಪರಿಹಾರ ಸಿಕ್ಕಿತು ಎಂದೆಲ್ಲ ಕೇಳಿದ್ದೆನೇ ಹೊರತು ಇದನ್ನು ಕೇಳಿರಲಿಲ್ಲ. ಅವಳು ಯೋಚಿಸಲೇ ಇಲ್ಲ. "ರಾಟೆ" ಅಂದಳು.

ಬಾವಿಯ ರಾಟೆ. ಮರದ್ದು. ಮನೆ ಬಿಡುವಾಗ ಹಂಚು, ಬಾಗಿಲು, ಕಂಬ ಎಲ್ಲ ಬಿಚ್ಚಿ ಗಾಡಿಗೆ ಹೇರಿದರು. ಮಾವಯ್ಯ ಕೊನೆಯ ಗಾಡಿಯಲ್ಲಿ ರಾಟೆ ತಂದರು. ಅದು ಈಗಲೂ ಇದೆ. ಪಂಪು ಬಂದ ಮೇಲೆ ಕೊಟ್ಟಿಗೆಯ ಅಟ್ಟ ಸೇರಿತ್ತು. ಭಾವ ಏಣಿಯಿಟ್ಟು ಇಳಿಸಿದರು, ಬಾವಿಗೆ ಕಟ್ಟಿ ಹಗ್ಗ ಹಾಕಿದರು, ನಾನು ಫೋನ್ ಹಿಡಿದೆ. ರಾಟೆ ಕಿರ್ರೋ ಎಂದು ಅರಚಿತು. ನನಗೆ ಬಹಳ ಖುಷಿ. ಕಥೆಗೆ ಬೇಕಾದ ಆರ್ತದನಿ ಸಿಕ್ಕಿತು ಎನ್ನಿಸಿತು. ದೊಡ್ಡಮ್ಮ ಜಗಲಿಯಿಂದಲೇ ಕೂಗಿದಳು: "ಅದಲ್ಲ! ಅದು ಕಿರುಗುಡ್ತಿರ್ಲಿಲ್ಲ. ಮಾವಯ್ಯ ಹರಳೆಣ್ಣೆ ಬಿಡ್ತಿದ್ರು."

ಎಣ್ಣೆ ತಂದು ಅವಳೇ ಬಿಟ್ಟಳು. ಹತ್ತು ಸಲ ಎಳೆದು ಬಿಟ್ಟ ಮೇಲೆ ರಾಟೆಯ ದನಿ ಇಳಿಯಿತು. ಗಡ, ಗಡ, ಗಡ ಎಂದು ಸಾವಕಾಶ ತಿರುಗಿತು, ಕೊಡ ನೀರಿಗೆ ಮುಟ್ಟಿದಾಗ ಒಂದು ತಣ್ಣನೆಯ ಸದ್ದು. "ಹಾಂ. ಇದೇ" ಅಂದಳು. ಅವಳ ಆ "ಇದೇ" ಕೂಡ ಮುದ್ರಣದಲ್ಲಿದೆ. ಕಥೆಯಲ್ಲಿ ಹಾಗೇ ಇಟ್ಟಿದ್ದೇನೆ. ರೇಡಿಯೊ ನಾಟಕದವರು ಕುದುರೆಯ ಓಟಕ್ಕೆ ತೆಂಗಿನ ಚಿಪ್ಪು, ಗುಡುಗಿಗೆ ತಗಡು ಬಳಸಿ ನಂಬಿಸುತ್ತಿದ್ದರು. ಆ ಜಾಣ್ಮೆ ದೊಡ್ಡದು. ಆದರೆ ಬಾಳಿದವರೇ ಎದುರು ಕೂತಿರುವಾಗ ನಂಬಿಸುವುದು ಸಾಲದು. ಹೌದು ಎಂದು ಅವರು ತಲೆಯಾಡಿಸಬೇಕು.

ಮದ್ದಳೆ ಕೊನೆಗೆ ಬಂತು. ಮೂರು ಕಡೆ ಮಾತ್ರ: ಹೆಸರು ಹೇಳಿದ ಮೇಲೆ, ಗಾಡಿಗಳು ಹೊರಟ ಮೇಲೆ, ಕಥೆ ಮುಗಿದ ಮೇಲೆ. ಮೂರೂ ಕಡೆ ಅವಳು ಮಾತು ನಿಲ್ಲಿಸಿದ ಜಾಗ. ಭಾವ ಶ್ರುತಿಯಿಟ್ಟುಕೊಂಡು, ಅವಳ ದನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಏಕತಾಳದಲ್ಲಿ ನಿಧಾನ ನಡೆ ಬಾರಿಸಿದರು. ಎರಡನೇ ಜಾಗಕ್ಕೆ ಬಂದಾಗ ಅವರ ಕೈ ತಡೆಯಿತು. "ಇಲ್ಲಿ ಸ್ವಲ್ಪ ತಡೆದು ಹಿಡೀತೀನಿ. ಎತ್ತು ಏರು ಹತ್ತೋ ಜಾಗ ಇದು" ಎಂದರು. ನೀರಿನ ಮಾತಿನ ಮೇಲೆ ಏನೂ ಇಲ್ಲ. ಆ 11 ಸೆಕೆಂಡಿನಲ್ಲಿ ತಟ್ಟೆ, ಕುಟ್ರುಹಕ್ಕಿ, ಉಸಿರು.

ಸಾಗರದವರೇ ಆದ ನಾ. ಡಿಸೋಜ ಈ ಮುಳುಗಡೆಯ ಬದುಕನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಎರಡೂ ದೊಡ್ಡ ಕೆಲಸ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಆದರೆ ಬರೆಯಲು ಬಾರದ, ಯಾರೂ ಕೇಳದ ಸಾವಿರಾರು ಮನೆಗಳ ಕಥೆ ಇನ್ನೂ ಬಾಯಿಮಾತಿನಲ್ಲೇ ಇದೆ. 1964ರಲ್ಲಿ 20ರ ಆಸುಪಾಸಿನಲ್ಲಿದ್ದವರಿಗೆ ಈಗ 80 ದಾಟಿದೆ. ಶರಾವತಿಯೊಂದೇ ಅಲ್ಲ, ಅಣೆಕಟ್ಟು ಎದ್ದ ಪ್ರತಿ ಕಣಿವೆಯಲ್ಲೂ ಲೆಕ್ಕ ಇದೇ.

ಕಥೆ ಒಟ್ಟು 14 ನಿಮಿಷ 20 ಸೆಕೆಂಡ್ ಆಯಿತು. ಅದರಲ್ಲಿ ಎರಡು ನಿಮಿಷದ ಮೇಲೆ ಯಾರೂ ಮಾತಾಡುವುದಿಲ್ಲ. ದೀಪಾವಳಿಗೆ ಎಲ್ಲರೂ ಸೇರಿದಾಗ ಜಗಲಿಯಲ್ಲಿ ದೀಪ ಆರಿಸಿ ಹಾಕಿದೆ. ದೊಡ್ಡಮ್ಮನ ಮೊಮ್ಮಕ್ಕಳು ಬೆಂಗಳೂರಿನವರು. ರಾಟೆ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಮುಗಿದ ಮೇಲೆ ಸಣ್ಣವನು ಟಾರ್ಚ್ ಹಿಡಿದು ಬಾವಿಯ ಕಡೆ ಹೋದ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಗಡ, ಗಡ, ಗಡ ಕೇಳಿಸಿತು. ದೊಡ್ಡಮ್ಮ ಏನೂ ಹೇಳಲಿಲ್ಲ. ಸ್ಪೀಕರಿನ ಕಡೆ ತಿರುಗಿಸಿದ್ದ ಮುಖವನ್ನು ಬಾವಿಯ ಕಡೆ ತಿರುಗಿಸಿದಳು.

ನಿಮ್ಮ ಮನೆಯಲ್ಲಿ 80 ದಾಟಿದವರೊಬ್ಬರು ಇದ್ದರೆ, ಈ ಭಾನುವಾರ ಮಧ್ಯಾಹ್ನ ಅವರ ಪಕ್ಕದಲ್ಲಿ ಫೋನಿಟ್ಟು ಕೂತುಕೊಳ್ಳಿ. ಸಂಗೀತದ ಯೋಚನೆ ಆಮೇಲೆ ಮಾಡಿದರಾಯಿತು. ಮೊದಲು ಹೆಸರು ಹೇಳಿಸಿ. ಅವರು ಹುಟ್ಟಿದ ಮನೆಯಲ್ಲಿ ಬೆಳಿಗ್ಗೆ ಎದ್ದಾಗ ಯಾವ ಸದ್ದು ಕೇಳುತ್ತಿತ್ತು ಎಂದು ಕೇಳಿ. ಅವರು ಸುಮ್ಮನಾದರೆ, ನೀವೂ ಸುಮ್ಮನಿರಿ. ರೆಕಾರ್ಡರ್ ಮಾತ್ರ ನಿಲ್ಲಿಸಬೇಡಿ.